ಅಂಗಳದಲ್ಲಿ ಕೆಂಪು ಹನಿ: ಹಳೇ ಗಾಡಿಯ ಪವರ್ ಸ್ಟೀರಿಂಗ್ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವುದು

ನಮ್ಮನೆಯಲ್ಲಿ ಇದು ಶುರುವಾದದ್ದು ಕವಳದ, ಅಂದರೆ ಜಗಿದುಗಿದ ಎಲೆಯಡಿಕೆಯ, ಜಗಳದಿಂದ. ಅಡಿಕೆ ಕೊಯ್ಲಿನ ಹೊತ್ತು. ಸಗಣಿ ಸಾರಿಸಿದ ಅಂಗಳದ ಮೂಲೆಯಲ್ಲಿ ದಿನಾ ಬೆಳಿಗ್ಗೆ ಒಂದು ಕೆಂಪು ಕಲೆ ಕಾಣಿಸತೊಡಗಿತು. "ಇಲ್ಲಿ ಕವಳ ತುಪ್ಪಿದ್ದು ಯಾರಾ ಅದು?" ಎಂದು ಅಪ್ಪಯ್ಯ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಂದ ಹಿಡಿದು ಅಡಿಕೆ ಸುಲಿಯಲು ಬರುವವರ ತನಕ ಎಲ್ಲರನ್ನೂ ವಿಚಾರಿಸಿದ್ದಾಯಿತು. ಅಡಿಕೆ ಬೇಯಿಸಿದ ತೊಗರು ಚೆಲ್ಲಿರಬೇಕು ಎಂಬುದು ಅಮ್ಮನ ವಾದ. ನಾಲ್ಕನೇ ದಿನ ನಾನು ಬೆರಳದ್ದಿ ನೋಡಿದೆ. ಜಾರಿತು. ಒಂದು ಚೊಂಬು ನೀರು ಹೊಯ್ದರೆ ಕಲೆ ಹೋಗುವ ಬದಲು ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ತೇಲಿತು. ರಾತ್ರಿ ಗಾಡಿ ನಿಲ್ಲುವ ಜಾಗ ಅದೇ, ಕಲೆ ಬಿದ್ದದ್ದು ಬಲಗಡೆ ಮುಂದಿನ ಚಕ್ರದ ಒಳಮಗ್ಗುಲಿಗೆ.

ಗಾಡಿ 2005ರ ಮಾಡೆಲ್ಲಿನ ಡೀಸೆಲ್ ಜೀಪು, ಎರಡೂವರೆ ಲಕ್ಷ ಕಿಲೋಮೀಟರ್ ಓಡಿದೆ. ಕಂಪನಿ ಯಾವುದಾದರೂ ಆಗಲಿ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹಳೇ ನಮೂನೆಯ ಪವರ್ ಸ್ಟೀರಿಂಗ್ ಇದ್ದ ಗಾಡಿಗಳ ಕಥೆ ಹೆಚ್ಚುಕಮ್ಮಿ ಒಂದೇ. ಈಚಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ವಿದ್ಯುತ್ ಮೋಟರಿದೆ, ಸೋರುವುದಕ್ಕೆ ಎಣ್ಣೆಯೇ ಇಲ್ಲ. ಅಂಥ ಕಾರಿನ ಕೆಳಗೆ ಕೆಂಪು ಕಂಡರೆ ಬೇರೇನೋ ಸೋರುತ್ತಿದೆ ಎಂದರ್ಥ, ಅಥವಾ ನಿಜವಾಗಿಯೂ ಕವಳವೇ.

ಮೊದಲು, ಅದು ಸ್ಟೀರಿಂಗ್ ಎಣ್ಣೆಯೇ ಹೌದೇ?

ಬಹುತೇಕ ಹಳೇ ಗಾಡಿಗಳ ಪವರ್ ಸ್ಟೀರಿಂಗಿಗೆ ಹಾಕುವುದು ಎ.ಟಿ.ಎಫ್. ಎಂಬ ಕೆಂಪು ಎಣ್ಣೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವುದೂ ಅದನ್ನೇ. ಆದರೆ ನಮ್ಮ ಕಡೆಯ ಹಳೇ ಡೀಸೆಲ್ ಜೀಪಿಗೆ ಆಟೊಮ್ಯಾಟಿಕ್ ಗೇರ್ ಇರುವುದಿಲ್ಲವಾದ್ದರಿಂದ ಕೆಂಪು ಎಣ್ಣೆ ಕಂಡರೆ ಮೊದಲ ಅನುಮಾನ ಸ್ಟೀರಿಂಗಿನ ಮೇಲೇ. ವರ್ಷಗಟ್ಟಲೆ ಬದಲಿಸದೆ ಬಿಟ್ಟ ಎಣ್ಣೆ ಮಾತ್ರ ಕೆಂಪಾಗಿ ಉಳಿದಿರುವುದಿಲ್ಲ. ಕಂದಾಗಿ, ಕಪ್ಪಾಗಿ, ಎಂಜಿನ್ ಆಯಿಲ್ ಎಂದೇ ಮೋಸ ಮಾಡುತ್ತದೆ. ಆಗ ಬಾನೆಟ್ಟಿನೊಳಗೆ ಸ್ಟೀರಿಂಗ್ ಎಣ್ಣೆ ತುಂಬುವ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಅದರೊಳಗಿನ ಒಂದು ಹನಿಯನ್ನೂ ನೆಲದ ಒಂದು ಹನಿಯನ್ನೂ ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ರೇಡಿಯೇಟರಿನ ಕೂಲೆಂಟೂ ಕೆಲವು ಗಾಡಿಗಳಲ್ಲಿ ಕೆಂಪೇ, ಆದರೆ ಅದು ನೀರಿನಲ್ಲಿ ಬೆರೆತುಹೋಗುತ್ತದೆ. ಬ್ರೇಕ್ ಎಣ್ಣೆಯೂ ಹಾಗೆಯೇ ನೀರಿನಲ್ಲಿ ಬೆರೆಯುತ್ತದೆ, ಜೊತೆಗೆ ಪೇಂಟನ್ನು ಏಳಿಸುತ್ತದೆ. ಸೋರುತ್ತಿರುವುದು ಬ್ರೇಕ್ ಎಣ್ಣೆಯೆಂದಾದರೆ ಈ ಬರಹ ಪಕ್ಕಕ್ಕಿಟ್ಟು, ಗಾಡಿ ನಿಂತಲ್ಲಿಗೇ ಮೆಕ್ಯಾನಿಕ್ಕನ್ನು ಕರೆಸಿ.

ಹನಿ ಬಿದ್ದ ಜಾಗವನ್ನು ನಂಬಬೇಡಿ

ನನ್ನ ಎರಡು ಸಾವಿರ ರೂಪಾಯಿ ಹೋಗುವುದರಲ್ಲಿ ಇದ್ದದ್ದು ಇಲ್ಲಿ. ಮೊದಲು ತೋರಿಸಿದ ಕಡೆ ಮೆಕ್ಯಾನಿಕ್ ಗಾಡಿಯ ಕೆಳಗೆ ಒಂದು ನಿಮಿಷ ಇಣುಕಿ, "ಸ್ಟೀರಿಂಗ್ ಬಾಕ್ಸ್ ಹೋಯ್ತು, ಸೀಲ್ ಕಿಟ್ ಹಾಕಬೇಕು, ಬಾಕ್ಸ್ ಇಳಿಸಬೇಕು" ಎಂದ. ಸ್ಟೀರಿಂಗ್ ಬಾಕ್ಸೆಂದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ದಾಟಿಸುವ ಗೇರಿನ ಪೆಟ್ಟಿಗೆ, ಸೀಲೆಂದರೆ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ. ಅವನ ಕಣ್ಣಿಗೆ ಕಂಡದ್ದು ಸುಳ್ಳಲ್ಲ, ಬಾಕ್ಸ್ ಪೂರ್ತಿ ಎಣ್ಣೆಯಲ್ಲಿ ಮಿಂದಿತ್ತು. ಆದರೆ ಎಣ್ಣೆ ಹುಟ್ಟಿದ್ದು ಅಲ್ಲಲ್ಲ, ಬಾಕ್ಸಿಗಿಂತ ಒಂದೂವರೆ ಅಡಿ ಮೇಲೆ. ಆಯಿಲ್ ಡಬ್ಬಿಯ ಹತ್ತಿರದಿಂದ ಜಿನುಗಿ, ಪೈಪಿನ ಬೆನ್ನು ಹಿಡಿದು ಇಳಿದು, ಬಾಕ್ಸಿನ ಮೇಲೆ ಹರಡಿ, ಕಡೆಗೆ ಅದರ ತಗ್ಗಿನ ಮೂಲೆಯಿಂದ ತೊಟ್ಟಿಕ್ಕುತ್ತಿತ್ತು. ಮಳೆಗಾಲದಲ್ಲಿ ಮಾಡು ಸೋರುವುದು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ನೀರು ರೀಪಿನ ಗುಂಟ ಎಷ್ಟು ದೂರ ಹೋಗುತ್ತದೆಂದು ಹಂಚಿನ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗಾಡಿ ಓಡುವಾಗ ಗಾಳಿಯೂ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಹುಡುಕು ಶುರುವಾಗಬೇಕು.

ಎಣ್ಣೆ, ಧೂಳು, ಕೆಸರು ಹೆಪ್ಪುಗಟ್ಟಿದ ಮೇಲೆ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಯಾರಿಗೂ ಕಾಣುವುದಿಲ್ಲ. ಮೊದಲು ತೊಳೆಯಲೇಬೇಕು. ಎಂಜಿನ್ ತಣ್ಣಗಿರುವಾಗ ಪಂಪು, ಪೈಪುಗಳು, ಬಾಕ್ಸು ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪಿನ ನೀರು ಮತ್ತು ಹಳೇ ಬ್ರಶ್ಶಿನಿಂದ ಉಜ್ಜಿದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುವವರಿದ್ದಾರೆ. ಕೊಳೆ ಬೇಗ ಹೋಗುವುದು ನಿಜ, ಆದರೆ ಅದು ಬೆಲ್ಟಿಗೆ ತಾಗಿದರೆ ಬೆಲ್ಟು ಹಾಳು, ಮೇಲಾಗಿ ಅದರ ಪಸೆಯೂ ಎಣ್ಣೆಯ ಹಾಗೇ ಹೊಳೆದು ದಾರಿ ತಪ್ಪಿಸುತ್ತದೆ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಕೊಟ್ಟೆ ಮುಚ್ಚಿ ನೀರು ಹಾಕಿ. ಒಣಗಿದ ಮೇಲೆ ಅನುಮಾನದ ಜಾಗಗಳಿಗೆಲ್ಲ ಮುಖದ ಪೌಡರ್ ಉದುರಿಸಿ. ಬಿಳಿ ಪೌಡರಿನ ಮೇಲೆ ಒಂದು ಹನಿ ಜಿನುಗಿದರೂ ಗುಲಾಬಿ ಗೆರೆ ಬೀಳುತ್ತದೆ. ಮನೆಯಲ್ಲಿ ನಗುತ್ತಾರೆ, ನಗಲಿ.

ಮಳೆಗಾಲದಲ್ಲಿ ಈ ಪತ್ತೇದಾರಿ ನಡೆಯುವುದಿಲ್ಲ. ಅಡಿಯೆಲ್ಲ ಒದ್ದೆ, ಬಿದ್ದ ಹನಿಯನ್ನು ಮಳೆ ಒಯ್ದಿರುತ್ತದೆ, ಪೌಡರ್ ಗಂಜಿಯಾಗುತ್ತದೆ. ಗಾಡಿಯನ್ನು ಒಂದು ರಾತ್ರಿ ಕೊಟ್ಟಿಗೆಯ ಮಾಡಿನ ಕೆಳಗಾದರೂ ನಿಲ್ಲಿಸಬೇಕು. ಕೆಳಗೆ ಹಾಸಲು ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಇಡುವುದೇ ಒಳ್ಳೆಯದು. ನಾನು ಮೊದಲು ಅಡಿಕೆ ಹಾಳೆ ಇಟ್ಟಿದ್ದೆ, ಅದು ಎಣ್ಣೆ ಹೀರುವುದಿಲ್ಲ. ಹನಿಯೆಲ್ಲ ನಡುವಿನ ಕುಳಿಗೆ ಓಡಿ ಸೇರಿ, ಎಲ್ಲಿ ಬಿತ್ತೆಂಬ ಗುರುತೇ ಉಳಿಯಲಿಲ್ಲ. ರಟ್ಟಿನ ಮೇಲೆ ಚಕ್ರದ ಜಾಗವನ್ನು ಪೆನ್ನಿನಲ್ಲಿ ಗೀಟಿ ಗುರುತಿಸಿಟ್ಟರೆ ಮರುದಿನ ಅದೇ ಜಾಗಕ್ಕೆ ಹೊಂದಿಸಿ ನೋಡಬಹುದು.

ಎಷ್ಟು ಸೋರುತ್ತಿದೆ?

ಡಬ್ಬಿಯ ಮೇಲೆ ಮೇಲಿನ ಗೆರೆ, ಕೆಳಗಿನ ಗೆರೆ ಎರಡಿರುತ್ತವೆ. ಕೆಲವದರಲ್ಲಿ ಬಿಸಿಗೊಂದು, ತಣ್ಣಗಿದ್ದಾಗಿನದಕ್ಕೊಂದು ಬೇರೆ ಗುರುತು. ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು, ಸಮತಟ್ಟು ಜಾಗದಲ್ಲಿ ನೋಡಿ ಗುರುತು ಹಾಕಿ, ಮೀಟರಿನ ಕಿಲೋಮೀಟರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ನನ್ನ ಲೆಕ್ಕ ಹೀಗಿದೆ: ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಮೂರ್ನಾಲ್ಕು ತಿಂಗಳು ಹಿಡಿದರೆ ಕಣ್ಣಿಟ್ಟಿದ್ದರೆ ಸಾಕು. ಒಂದು ತಿಂಗಳಲ್ಲಿ ಇಳಿದರೆ ರಿಪೇರಿಗೆ ದಿನ ಗೊತ್ತುಮಾಡಬೇಕು. ವಾರದಲ್ಲಿ ಇಳಿದರೆ ಆ ಗಾಡಿ ದೇವಿಮನೆ ಘಟ್ಟ ಇಳಿಯಬಾರದು.

ಘಟ್ಟದ ಮಾತು ಸುಮ್ಮನೆ ಹೇಳಿದ್ದಲ್ಲ. ಎಣ್ಣೆ ಖಾಲಿಯಾದ ಮಾತ್ರಕ್ಕೆ ಚಕ್ರ ತಿರುಗುವುದು ನಿಲ್ಲುವುದಿಲ್ಲ, ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ ಇದ್ದೇ ಇದೆ. ಆದರೆ ಅದುವರೆಗೆ ಎರಡು ಬೆರಳಿನಲ್ಲಿ ತಿರುಗುತ್ತಿದ್ದದ್ದು ಒಮ್ಮೆಗೇ ಕಲ್ಲಾಗುತ್ತದೆ. ದೇವಿಮನೆ ಘಟ್ಟ ಇರುವುದು ಶಿರಸಿಯಿಂದ ಕುಮಟೆಗೆ ಇಳಿಯುವ ಸುಮಾರು ಅರವತ್ತು ಕಿಲೋಮೀಟರ್ ದಾರಿಯಲ್ಲಿ. ಅಡಿಕೆ ಚೀಲ ಹೇರಿಕೊಂಡು ಇಳಿಯುವಾಗ ತಿರುವಿನ ನಡುವೆ, ಎದುರಿಗೆ ಲಾರಿ ಬರುತ್ತಿರುವಾಗ ಅದು ಕಲ್ಲಾದರೆ ಏನಾಗಬಹುದು ಎಂದು ಆ ದಾರಿ ಗೊತ್ತಿದ್ದವರು ಊಹಿಸಬಹುದು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟಕ್ಕೂ ಇದೇ ಮಾತು. ಇನ್ನು ಎಣ್ಣೆಯಿಲ್ಲದೆ ತಿರುಗಿದ ಪಂಪು ಒಳಗೊಳಗೇ ತೇದು ಹೋಗುತ್ತದೆ, ಐವತ್ತು ರೂಪಾಯಿಯ ಸೋರಿಕೆ ಪಂಪಿನ ಬೆಲೆಗೆ ಏರುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬೀಳುತ್ತಿದ್ದರೆ, ಅಂದರೆ ಗಾಡಿ ನಿಲ್ಲಿಸಿದಾಗ ಬಾನೆಟ್ಟಿನಿಂದ ಸುಟ್ಟ ವಾಸನೆ, ತೆಳು ಹೊಗೆ ಬರುತ್ತಿದ್ದರೆ, ಸೋರುವುದು ಎಷ್ಟೇ ಕಮ್ಮಿಯಿರಲಿ ಕಾಯಬೇಡಿ. ಬೆಂಕಿಗೆ ಅಷ್ಟು ಸಾಕು.

ಎಲ್ಲೆಲ್ಲಿ ನೋಡಬೇಕು

ದಾರಿ ಸರಳವಾದದ್ದೇ. ಡಬ್ಬಿಯಿಂದ ಎಣ್ಣೆ ಪಂಪಿಗೆ ಇಳಿಯುತ್ತದೆ. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪಿನಿಂದ ಪ್ರೆಶರ್ ಪೈಪಿನಲ್ಲಿ ಬಾಕ್ಸಿಗೆ, ಅಥವಾ ಬಾಕ್ಸಿನ ಬದಲು ಹಲ್ಲಿನ ಸರಳಿರುವ ಕಾರಿನ ನಮೂನೆಯದಾದರೆ ಆ ಸರಳಿಗೆ, ಅಂದರೆ ರ್‍ಯಾಕಿಗೆ, ಹೋಗುತ್ತದೆ. ಅಲ್ಲಿ ಕೆಲಸ ಮುಗಿಸಿ ರಿಟರ್ನ್ ಪೈಪಿನಲ್ಲಿ ಡಬ್ಬಿಗೆ ವಾಪಸು. ಪ್ರೆಶರ್ ಪೈಪಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಸುಮಾರು 70ರಿಂದ 100 ಬಾರ್ ಒತ್ತಡ ಏಳುತ್ತದೆ, ಟಯರಿನ ಗಾಳಿಯ ಮೂವತ್ತು ನಲವತ್ತು ಪಟ್ಟು. ರಿಟರ್ನ್ ಪೈಪಿನಲ್ಲಿ ಒತ್ತಡ ನಾಮಕಾವಾಸ್ತೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅರ್ಧ ಪತ್ತೆಯಾದಂತೆ: ಗಾಡಿ ನಿಂತಿರುವಾಗ ರಾತ್ರಿಯಿಡೀ ತೊಟ್ಟಿಕ್ಕಿದರೆ ಡಬ್ಬಿ, ರಿಟರ್ನ್ ಪೈಪು, ಪಂಪಿಗೆ ಇಳಿಯುವ ಪೈಪುಗಳ ಕಡೆ ನೋಡಬೇಕು. ನಿಂತಾಗ ಒಣ, ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಒದ್ದೆಯಾದರೆ ಪ್ರೆಶರ್ ಪೈಪು ಅಥವಾ ಬಾಕ್ಸಿನ ಸೀಲು.

ತಿರುಗಿಸಿ ನೋಡುವುದಕ್ಕೆ ಇಬ್ಬರು ಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಒಬ್ಬರು ಎಂಜಿನ್ ಹಚ್ಚಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಬೇಕು, ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ಕಾದು ಪಂಪಿಗೆ ತ್ರಾಸು. ಇನ್ನೊಬ್ಬರು ಟಾರ್ಚ್ ಹಿಡಿದು ಮೇಲಿನಿಂದ ನೋಡಬೇಕು. ಆ ಹೊತ್ತಿನಲ್ಲಿ ಗಾಡಿಯ ಅಡಿಗೆ ಹೋಗುವುದು ಬೇಡ, ಪಂಚೆ ಲುಂಗಿ ಬೆಲ್ಟಿನ ಹತ್ತಿರ ತರುವುದಂತೂ ಬೇಡವೇ ಬೇಡ. ಪ್ರೆಶರ್ ಪೈಪನ್ನು ಕೈಯಿಂದ ಸವರಿ ಸೋರಿಕೆ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗಾಯ, ಒಳಗೆ ಕೈಯೇ ಹೋಗುವಷ್ಟು ಹಾನಿ. ಹಾಗೇನಾದರೂ ಆದರೆ ನೋವಿಲ್ಲವೆಂದು ಕೂರದೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೋಗಬೇಕು. ಸವರಬೇಕೆನಿಸಿದರೆ ಉದ್ದ ರಟ್ಟಿನ ತುಂಡು ಹಿಡಿದು ನೋಡಿ.

ಈಗ ಒಂದೊಂದಾಗಿ. ನನ್ನ ಗಾಡಿಯದು ಎರಡು ಸೋರಿಕೆ, ಮತ್ತು ಮೊದಲನೆಯದನ್ನು ಮಾಡಿಕೊಂಡವನು ನಾನೇ. ಎಣ್ಣೆ ಇಳಿದಿದೆ ಎಂದು ಹೆದರಿ ಡಬ್ಬಿಯನ್ನು ಕುತ್ತಿಗೆ ತನಕ ತುಂಬಿಸಿಡುತ್ತಿದ್ದೆ. ಎಣ್ಣೆ ಬಿಸಿಯಾದಾಗ ಹಿಗ್ಗುತ್ತದೆ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ಕಂಡಿಯಿರುತ್ತದೆ. ಘಟ್ಟದ ತಿರುವಿನಲ್ಲಿ ಕುಲುಕಿ ಅಲ್ಲಿಂದ ಹೊರಗೆ ಬರುತ್ತದೆ. ಹೊರಗೆ ಬಂದದ್ದನ್ನು ನೋಡಿ ನಾನು ಮತ್ತೆ ತುಂಬುವುದು, ಅದು ಮತ್ತೆ ಚೆಲ್ಲುವುದು. ಎರಡು ಲೀಟರ್ ಎಣ್ಣೆ ಹೀಗೇ ಹೋಯಿತು. ಡಬ್ಬಿಯ ಹೊರಮೈ ಮುಚ್ಚಳದಿಂದಲೇ ಒದ್ದೆಯಾಗಿದ್ದರೆ ಎಣ್ಣೆಯನ್ನು ಗುರುತಿನ ತನಕ ಇಳಿಸಿ, ಮುಚ್ಚಳದ ರಬ್ಬರ್ ಬಳೆ ಹೊಸದು ಹಾಕಿ, ವಾರ ನೋಡಿ. ಬಿಸಿಲಿಗೆ, ಎಂಜಿನ್ ಕಾವಿಗೆ ಹಳೇ ಪ್ಲಾಸ್ಟಿಕ್ ಡಬ್ಬಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದೂ ಉಂಟು. ಅದಕ್ಕೆ ಎಂಸೀಲ್ ಹಚ್ಚಿ ಗೆದ್ದವರನ್ನು ನಾನು ಕಂಡಿಲ್ಲ, ಡಬ್ಬಿಯೇ ಬದಲಾಗಬೇಕು.

ಎರಡನೆಯದು, ಅಂಗಳ ಕೆಂಪು ಮಾಡಿದ ನಿಜವಾದ ಕಳ್ಳ, ರಿಟರ್ನ್ ಪೈಪಿನ ಕ್ಲಿಪ್ಪು. ರಬ್ಬರ್ ಪೈಪು ಇಪ್ಪತ್ತು ವರ್ಷಕ್ಕೆ ಕಲ್ಲಾಗುತ್ತದೆ, ತುದಿ ಅಗಲವಾಗಿ ಹಾಗೇ ನಿಲ್ಲುತ್ತದೆ. ಸ್ಪ್ರಿಂಗ್ ಕ್ಲಿಪ್ಪು ಹಿಡಿತ ಬಿಟ್ಟಿರುತ್ತದೆ. ಚಳಿಗಾಲದ ಬೆಳಿಗ್ಗೆ ಜಿನುಗಿ, ಎಂಜಿನ್ ಕಾದ ಮೇಲೆ ನಿಲ್ಲುತ್ತಿತ್ತು. ನಾನು ಮಧ್ಯಾಹ್ನ ಮೆಕ್ಯಾನಿಕ್ಕಿಗೆ ತೋರಿಸಿದಾಗಲೆಲ್ಲ ಅದು ಸಂಭಾವಿತನ ಹಾಗೆ ಒಣಗಿ ಕೂತಿರುತ್ತಿತ್ತು. ಸ್ಕ್ರೂ ಕ್ಲಿಪ್ಪು ಹಾಕಿ ಬಿಗಿದರೆ ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ಪೈಪು ಗಟ್ಟಿಯಾಗಿದ್ದರೆ ಎಷ್ಟು ಬಿಗಿದರೂ ಅಷ್ಟೇ, ರಬ್ಬರು ಹರಿಯುತ್ತದೆ. ತುದಿಯಲ್ಲಿ ಸಾಕಷ್ಟು ಉದ್ದವಿದ್ದರೆ ಒಂದು ಇಂಚು ಕತ್ತರಿಸಿ ಹೊಸ ಮೈಗೆ ಕ್ಲಿಪ್ಪು ಹಾಕಬಹುದು, ಇಲ್ಲವಾದರೆ ಹೊಸ ಪೈಪೇ ಸೈ. ಎಣ್ಣೆ ತಡೆಯುವ ಪೈಪೆಂದು ಕೇಳಿ ತನ್ನಿ. ರೇಡಿಯೇಟರಿನ ಪೈಪು, ತೋಟದ ಡ್ರಿಪ್ಪಿನ ಪೈಪು, ನಮ್ಮ ಊರಿನ ಸರ್ವರೋಗಕ್ಕೂ ಮದ್ದಾದ ಗೋಬರ್ ಗ್ಯಾಸಿನ ಪೈಪು, ಇವು ಯಾವುವೂ ಬಿಸಿ ಎಣ್ಣೆಗೆ ಆಗಿ ಬರುವುದಿಲ್ಲ. ಮೆತ್ತಗಾಗಿ, ಉಬ್ಬಿ, ಮೂರು ತಿಂಗಳಲ್ಲಿ ಕಳಚಿಕೊಳ್ಳುತ್ತವೆ.

ಪ್ರೆಶರ್ ಪೈಪಿನಲ್ಲಿ ರಬ್ಬರಿಗೂ ಕಬ್ಬಿಣಕ್ಕೂ ಬೆಸುಗೆಯಾದಂತೆ ಒತ್ತಿ ಕೂರಿಸಿದ ಜಾಗವಿರುತ್ತದೆ, ಸೋರುವುದು ಹೆಚ್ಚಾಗಿ ಅಲ್ಲೇ. ಅದರ ಮೇಲೆ ಕ್ಲಿಪ್ಪು, ಟೇಪು, ಟ್ಯೂಬಿನ ಪಟ್ಟಿ ಯಾವುದೂ ನಿಲ್ಲುವುದಿಲ್ಲ. ಹಳೇ ಗಾಡಿಗೆ ಕಂಪನಿ ಪೈಪು ಸಿಗದಿದ್ದರೆ ಜೆಸಿಬಿ, ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಪೈಪು ಕಟ್ಟಿಕೊಡುವವರಿದ್ದಾರೆ. ಹುಬ್ಬಳ್ಳಿಗೆ ಹೋಗುವ ಕೆಲಸವಿದ್ದಾಗ ಹಳೇ ಪೈಪನ್ನು ಬಿಚ್ಚಿ ಒಯ್ದರೆ ಅದೇ ತುದಿಗಳಿಗೆ ಹೊಸ ಮೈ ಕೂರಿಸಿ ಕೊಡುತ್ತಾರೆ. ಉದ್ದ, ಬಾಗು ಎರಡೂ ಮೊದಲಿನಂತೆಯೇ ಇರಬೇಕು. ಪೈಪು ಪಂಪಿಗೆ ಕೂರುವಲ್ಲಿ ಬೋಲ್ಟಿನ ಎರಡೂ ಮಗ್ಗುಲಿಗೆ ತಾಮ್ರದ ವಾಶರ್ ಇದ್ದರೆ, ಬಿಚ್ಚಿದಾಗಲೆಲ್ಲ ಹೊಸ ವಾಶರ್ ಹಾಕಿ. ಬೋಲ್ಟು ಬಿಗಿಯಾಗಿಯೇ ಇದ್ದು ಸೋರುವಾಗ ಇನ್ನಷ್ಟು ಬಿಗಿಯುವ ಆಸೆಗೆ ಬಿದ್ದರೆ ಪಂಪಿನ ಮರೆಯೇ, ಅಂದರೆ ಬೋಲ್ಟು ಕೂರುವ ತಿರುಪಿನ ಸುತ್ತೇ, ಹರಿಯುತ್ತದೆ.

ಕಾರವಾರ, ಅಂಕೋಲಾ ಕಡೆಯ ಗಾಡಿಗಳಿಗೆ ಇನ್ನೊಂದು ಕಾಯಿಲೆ, ತುಕ್ಕು. ಸಮುದ್ರದ ಗಾಳಿ ಒಂದು ಕಡೆ, ಹೆದ್ದಾರಿ 66ರಲ್ಲಿ ಮೀನು ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು ಇನ್ನೊಂದು ಕಡೆ. ಕಬ್ಬಿಣದ ಪೈಪನ್ನು ಚಾಸಿಗೆ ಕಟ್ಟಿದ ಹಿಡಿಕೆಯ ಅಡಿಯಲ್ಲಿ ಕೆಸರು, ಉಪ್ಪು ನಿಂತು ಪೈಪು ಒಳಗೊಳಗೇ ತೆಳ್ಳಗಾಗುತ್ತದೆ. ಹೊರಗೆ ನುಣ್ಣಗೆ ಕಂಡರೂ ಹಿಡಿಕೆ ಬಿಚ್ಚಿ ನೋಡಬೇಕು. ನನ್ನ ಭಾವನ ಕಾರವಾರದ ಗಾಡಿಯಲ್ಲಿ ಸಿಕ್ಕಿದ್ದು ಹೀಗೆಯೇ.

ಪಂಪಿನ ಸೀಲು ಹೋದರೆ ಗುರುತು ಬೇರೆ. ಪುಲ್ಲಿಯ ಹಿಂದಿನಿಂದ ಎಣ್ಣೆ ಬಂದು, ತಿರುಗುವ ಪುಲ್ಲಿ ಅದನ್ನು ಸುತ್ತಲೂ ಎರಚಿ, ಬಾನೆಟ್ಟಿನ ಒಳಮೈಗೆ ಒಂದು ಗೆರೆ ಎಳೆದಿರುತ್ತದೆ. ಬೆಲ್ಟು ಒದ್ದೆಯಾಗಿ ಕೀಚಲು ದನಿ. ಅದೇ ಬೆಲ್ಟು ಆಲ್ಟರ್ನೇಟರನ್ನೋ ನೀರಿನ ಪಂಪನ್ನೋ ತಿರುಗಿಸುವ ಗಾಡಿಯಾದರೆ ತಡ ಮಾಡಬೇಡಿ. ರ್‍ಯಾಕ್ ಇರುವ ಕಾರಾದರೆ ಎರಡು ತುದಿಯ ರಬ್ಬರ್ ಬೂಟುಗಳನ್ನು ಎಂಜಿನ್ ಬಂದ್ ಮಾಡಿ ಹಿಚುಕಿ ನೋಡಿ. ಒಳಗೆ ಎಣ್ಣೆ ಗುಳುಗುಳು ಅಂದರೆ ರ್‍ಯಾಕಿನ ಸೀಲು ಹೋಗಿದೆ. ಬಾಕ್ಸ್ ಇರುವ ಜೀಪಿನಲ್ಲಿ ಡ್ರಾಪ್ ಆರ್ಮ್, ಅಂದರೆ ಚಕ್ರ ತಿರುಗಿಸಲು ಬಾಕ್ಸಿನಿಂದ ಕೆಳಗಿಳಿದ ಕಬ್ಬಿಣದ ತೋಳು, ತೂಗುವ ಜಾಗದಿಂದ, ಮೇಲೆಲ್ಲ ಒಣಗಿದ್ದೂ, ಹನಿ ಇಳಿದರೆ ಆಗ ಮೆಕ್ಯಾನಿಕ್ ಹೇಳಿದ್ದು ಸರಿ, ಬಾಕ್ಸಿನ ಸೀಲೇ.

ಬಾಟಲಿಯ ಮದ್ದು

ಸೋರಿಕೆ ನಿಲ್ಲಿಸುವ ಔಷಧಿ ಎಂದು ಬಾಟಲಿ ಸಿಗುತ್ತದೆ. ಅದು ಮಾಡುವುದಿಷ್ಟೆ, ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುವುದು. ಸೀಲು ಬರೀ ಬೆವರುತ್ತಿದ್ದರೆ ಒಂದಷ್ಟು ಕಾಲ ತಳ್ಳಬಹುದು. ಹರಿದ ಸೀಲಿಗೆ, ತುಕ್ಕು ಹಿಡಿದ ಪೈಪಿಗೆ, ಸಡಿಲ ಕ್ಲಿಪ್ಪಿಗೆ ಅದರಿಂದ ಏನೂ ಆಗುವುದಿಲ್ಲ. ನಾನಾದರೆ ಮಾರುವ ಗಾಡಿಗೂ ಹಾಕಲಾರೆ, ಇಟ್ಟುಕೊಳ್ಳುವ ಗಾಡಿಗೂ ಹಾಕಲಾರೆ. ಇನ್ನು ಒಂದು ಮುಚ್ಚಳ ಬ್ರೇಕ್ ಎಣ್ಣೆ ಹಾಕಿದರೆ ಸೀಲು ಉಬ್ಬಿ ಸೋರುವುದು ನಿಲ್ಲುತ್ತದೆ ಎಂಬ ರಸ್ತೆಬದಿಯ ವೈದ್ಯವಿದೆಯಲ್ಲ, ಅದನ್ನು ಯಾರು ಹೇಳಿದರೂ ಕೇಳಬೇಡಿ. ಸೀಲು ಉಬ್ಬುವುದು ನಿಜ. ಉಬ್ಬಿದ ಮೇಲೆ ಲೇಹ್ಯದ ಹಾಗೆ ಆಗುವುದೂ ನಿಜ, ಆಗ ಪಂಪು, ಬಾಕ್ಸು ಎರಡರ ಸೀಲೂ ಒಟ್ಟಿಗೆ ಹೋಗುತ್ತವೆ.

ಯಾವ ಎಣ್ಣೆ ಎಂಬುದನ್ನು ಡಬ್ಬಿಯ ಮುಚ್ಚಳ ಅಥವಾ ಗಾಡಿಯ ಪುಸ್ತಕ ಹೇಳುತ್ತದೆ. ಡೆಕ್ಸ್ರಾನ್ ಎಂಬ ಎ.ಟಿ.ಎಫ್. ಹೆಸರಿದ್ದರೆ ಅದೇ. ಬೇರೆ ಹೆಸರಿದ್ದರೆ ಅಂಗಡಿಯವನು "ಎಲ್ಲ ಒಂದೇ" ಎಂದರೂ ಒಪ್ಪಬೇಡಿ.

ರಿಪೇರಿಯಾದ ಮೇಲೆ ಗಾಳಿ ತೆಗೆಯುವುದು

ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿರುತ್ತದೆ. ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಬರೀ ಜಾಕನ್ನು ನಂಬಬೇಡಿ. ಡಬ್ಬಿ ತುಂಬಿಸಿ, ಎಂಜಿನ್ ಹಚ್ಚದೆಯೇ ಸ್ಟೀರಿಂಗನ್ನು ತುದಿಯಿಂದ ತುದಿಗೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಿ. ಗುಳ್ಳೆ ಏಳುತ್ತದೆ, ಎಣ್ಣೆ ಇಳಿಯುತ್ತದೆ, ಮತ್ತೆ ತುಂಬಿ. ಗುಳ್ಳೆ ನಿಂತ ಮೇಲಷ್ಟೇ ಎಂಜಿನ್ ಹಚ್ಚಿ ಇನ್ನೂ ಕೆಲವು ಸಲ ತಿರುಗಿಸಿ. ಎಣ್ಣೆ ನೊರೆಯಾಗಿ ಗುಲಾಬಿ ಹಾಲಿನ ಹಾಗೆ ಕಂಡರೆ, ಪಂಪು ನರಳಿದರೆ, ಇನ್ನೂ ಗಾಳಿಯಿದೆ. ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ. ಈ ನರಳುವಿಕೆಯನ್ನೇ ಕೇಳಿ ಪಂಪು ಹೋಯಿತೆಂದು ಹೊಸ ಪಂಪು ಹಾಕಿಸಿಕೊಂಡವರುಂಟು. ತೆಗೆದ ಹಳೇ ಎಣ್ಣೆಯನ್ನು ತೋಟದ ನೀರು ಹರಿದುಹೋಗುವ ಕಾದಿಗೆಗೆ ಮಾತ್ರ ಸುರಿಯಬೇಡಿ, ಅದು ನೇರ ಹಳ್ಳಕ್ಕೆ ಹೋಗುತ್ತದೆ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನ ಸುಟ್ಟ ಎಣ್ಣೆಯ ಡ್ರಮ್ಮಿಗೆ ಕೊಡಿ.

ನನ್ನ ಗಾಡಿಗೆ ಕೊನೆಗೆ ಬಿದ್ದ ಖರ್ಚು ಒಂದೂವರೆ ಅಡಿ ಪೈಪು, ಎರಡು ಸ್ಕ್ರೂ ಕ್ಲಿಪ್ಪು, ಒಂದು ಲೀಟರ್ ಎಣ್ಣೆ. ಎಲ್ಲ ತೊಳೆದು ಪೌಡರ್ ಹಚ್ಚಿದ ಮೇಲೆ ಡ್ರಾಪ್ ಆರ್ಮಿನ ಬುಡದಲ್ಲೂ ಒಂದು ತೆಳು ಗುಲಾಬಿ ಉಂಗುರ ಕಂಡಿತು. ಅಂದರೆ ಬಾಕ್ಸಿನ ಸೀಲೂ ಬೆವರುತ್ತಿದೆ, ಆದರೆ ಹನಿಯಾಗಿ ಬೀಳುವಷ್ಟಿಲ್ಲ. ಕ್ಯಾಲೆಂಡರಿನ ಲೆಕ್ಕದ ಪ್ರಕಾರ ಐದು ತಿಂಗಳಲ್ಲಿ ಎಣ್ಣೆ ಇಳಿದದ್ದು ಬೆರಳಗಲದ ಅರ್ಧ. ಸೀಲ್ ಕಿಟ್ ತಂದು ಅಟ್ಟದ ಮೇಲಿಟ್ಟಿದ್ದೇನೆ, ಮಳೆ ಮುಗಿದು ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಬಾಕ್ಸ್ ಇಳಿಸುವುದು. ಅಲ್ಲಿಯತನಕ ಗಾಡಿಯ ಕೆಳಗೆ ರಟ್ಟು ಹಾಸಿಯೇ ಇದೆ.